ಅಜ್ಜಂಪುರಕ್ಕೆ ಮಾತ್ರ ತಪ್ಪುವ ಲೆಕ್ಕ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತರೀಕೆರೆಯಲ್ಲಿ ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನಿಂದ ಎತ್ತಿ ತಂದ ಸುಟ್ಟ ಮೋಟಾರುಗಳ ನಡುವೆ ಕೂತು ಓದಿದವಳು ನಾನು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಹೋದ ಮೇಲೆ ಇಂಗ್ಲಿಷು. ಆ ಮೂರನೆಯದು ನನ್ನನ್ನು ಚೆನ್ನಾಗಿಯೇ ಅಳಿಸಿತು. ಹೀಗೆ ಮೇಲೆ ಬಂದವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾವುದನ್ನೂ ಸುಮ್ಮನೆ ನಂಬುವುದಿಲ್ಲ. ಸ್ಕಾಲರ್‌ಶಿಪ್ ಬಂದಿದೆ ಅಂದರೆ ಬ್ಯಾಂಕಿಗೇ ಹೋಗಿ ಕೇಳುತ್ತೇವೆ. ಬಸ್ಸು ಈಗ ಹೊರಡುತ್ತೆ ಅಂದರೆ ಡ್ರೈವರ್ ಸೀಟಿನಲ್ಲಿದ್ದಾನಾ ಅಂತ ಇಣುಕುತ್ತೇವೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆ ಅಂತ ಮನಸ್ಸು ಹುಡುಕುತ್ತದೆ.

ಕಂಪ್ಯೂಟರಿನ ಕೆಲಸಕ್ಕೆ ಈ ಗುಣ ಒಳ್ಳೆಯದೇ. ಆದರೆ ಅನುಮಾನ ನಮ್ಮ ಕಡೆಗೇ ತಿರುಗಿ ನಿಂತಾಗ ಅದರ ಮುಖ ಬೇರೆ ಇರುತ್ತದೆ. ಅದನ್ನು ನಾನು ನೋಡಿದ್ದು ಕಡೂರಿನಲ್ಲಿ.

ಕಡೂರಿನಲ್ಲಿ ತೆಂಗಿನಕಾಯಿ ಮಂಡಿಗಳ ಸಾಲಿನಲ್ಲೇ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ರೈತರ ಒಂದು ಸಂಘದ ಆಫೀಸು. ಸುತ್ತಲ ಹೊಲ ತೋಟಗಳಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರುಗಳನ್ನು ಸಂಘ ನೆಡಿಸಿತ್ತು. ಪಂಚನಹಳ್ಳಿಯ ತೆಂಗು, ಲಿಂಗದಹಳ್ಳಿಯ ಅಡಿಕೆ, ಅಜ್ಜಂಪುರದ ಈರುಳ್ಳಿ ಹೊಲ, ಎಲ್ಲದರ ತೇವದ ಅಂಕಿ ನಮ್ಮ ಆಫೀಸಿನ ಮೂಲೆಯಲ್ಲಿದ್ದ, ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ಒಂದು ಕಂಪ್ಯೂಟರಿಗೆ ಬರುತ್ತಿತ್ತು. ಬೆಳಗಿನ ಜಾವ ಅದು ತಾನಾಗಿ ಲೆಕ್ಕ ಮಾಡಿ ರೈತರ ಫೋನಿಗೆ ಮೆಸೇಜು ಕಳಿಸುತ್ತಿತ್ತು: ಇವತ್ತು ನೀರು ಬಿಡಿ, ಅಥವಾ ನೀರು ಬೇಡ. ಈ ಸಾಫ್ಟ್‌ವೇರನ್ನು ಕಂಟ್ರಾಕ್ಟಿನ ಮೇಲೆ ಒಬ್ಬ ಬಂದು ಹಾಕಿಕೊಟ್ಟು ಹೋಗಿದ್ದ. ಅವನು ಹೋದ ಮೇಲೆ ಸೇರಿದವಳು ನಾನು. ಅವನು ಬಿಟ್ಟುಹೋದ ಗುರುತು ಅಂದರೆ ಮಾನಿಟರಿನ ಮೇಲೆ ಅಂಟಿಸಿದ್ದ ಒಂದು ಚೀಟಿ: ‘ಈ ಕಪ್ಪು ಕಿಟಕಿ ಮುಚ್ಚಬೇಡಿ.’ ಪರದೆಯ ಮೇಲೆ, ಕಮಾಂಡು ಟೈಪ್ ಮಾಡುವಂಥ ಒಂದು ಕಪ್ಪು ಕಿಟಕಿ ಸದಾ ತೆರೆದೇ ಇರುತ್ತಿತ್ತು. ಯಾಕೆ ಮುಚ್ಚಬಾರದು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ, ‘ಮುಚ್ಚಬೇಡಿ ಅಂತ ಬರ್ದಿದಾನಲ್ಲ.’

ಆಫೀಸಿನಲ್ಲಿದ್ದವರು ಮೂವರು. ಮ್ಯಾನೇಜರ್ ಸಾಹೇಬರು, ಅವರ ತಂಗಿಯ ಮಗ, ನಾನು. ಸಾಹೇಬರು ರೆವಿನ್ಯೂ ಇಲಾಖೆಯಲ್ಲಿದ್ದು ರಿಟೈರ್ ಆದವರು. ಖಾತೆ, ಪಹಣಿ, ತಕರಾರು ಇವುಗಳಲ್ಲೇ ತಲೆ ನೆರೆದವರು. ತಂಗಿಯ ಮಗ ನನ್ನ ವಯಸ್ಸಿನವನೇ. ಬೈಕಿನಲ್ಲಿ ಸುತ್ತಿ ಸೆನ್ಸರುಗಳನ್ನು ನೋಡಿಕೊಳ್ಳುತ್ತಿದ್ದ. ಕಂಪ್ಯೂಟರಿನ ಮುಂದಿನ ಕುರ್ಚಿಯ ಮೇಲೆ ಅವನಿಗೆ ಕಣ್ಣಿದೆ ಅಂತ ನಾನು ಸೇರಿದ ದಿನದಿಂದಲೂ ನನಗೆ ಅನುಮಾನ.

ಆ ವರ್ಷದ ಆಯುಧಪೂಜೆ ಬಂತು. ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಇದನ್ನ ಆಫ್ ಮಾಡಮ್ಮ.”

“ಸಾರ್, ಇದನ್ನ ಯಾವತ್ತೂ ಆಫ್ ಮಾಡಿಲ್ಲ, ಕರೆಂಟ್ ಹೋದಾಗ್ಲೂ ಯುಪಿಎಸ್ ಮೇಲೆ ಓಡಿದೆ. ಕಿಟಕಿ ಮುಚ್ಚಬೇಡಿ ಅಂತ ಬೇರೆ ಬರೆದಿದೆ.”

“ಇವತ್ತು ಕುಡುಗೋಲೂ ಕೆಲ್ಸ ಮಾಡಲ್ಲ, ಮಚ್ಚೂ ಕೆಲ್ಸ ಮಾಡಲ್ಲ. ಇದೊಂದೇನು ಹೆಚ್ಚು? ಓಡ್ತಾ ಇರೋ ಮಿಷನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ಹೋದ ವರ್ಷ ಮರ್ತೇ ಹೋಗಿತ್ತು. ಆಫ್ ಮಾಡಮ್ಮ, ವರ್ಷಕ್ಕೊಂದು ದಿನ ಅದೂ ಮಲಿಕ್ಕೊಳ್ಳಿ.”

ಈ ಮಾತು ನನಗೆ ಹೊಸದಲ್ಲ. ನಮ್ಮ ಅಪ್ಪನ ಅಂಗಡಿಯಲ್ಲೂ ಆ ದಿನ ಕೆಲಸದವರು ವೈಂಡಿಂಗ್ ಮಿಷನ್ನು ನಿಲ್ಲಿಸಿ, ತೊಳೆದು, ಕುಂಕುಮ ಇಡುತ್ತಾರೆ. ಅಪ್ಪ ಎಲ್ಲರಿಗೂ ಕಡಲೆಪುರಿ ಹಂಚುತ್ತಾರೆ. ನಾನು ಆಫ್ ಮಾಡಿದೆ. ತಂಗಿಯ ಮಗ ಧೂಳು ಒರೆಸಿ, ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿದ. ಅವನ ಸ್ಪ್ಯಾನರ್ ಡಬ್ಬಿಗೂ ಕುಂಕುಮ ಬಿತ್ತು. ಮೆಟ್ಟಿಲ ಕೆಳಗೆ ಬೂದುಗುಂಬಳ ಒಡೆದರು. ಒಂದು ದಿನ ಬಿಟ್ಟು ನಾನೇ ಮತ್ತೆ ಆನ್ ಮಾಡಿದೆ. ಕಪ್ಪು ಕಿಟಕಿ ಬರಲಿಲ್ಲ. ಆದರೆ ಲೆಕ್ಕದ ಪ್ರೋಗ್ರಾಂ ತಾನಾಗಿಯೇ ಎದ್ದು ಓಡುತ್ತಿರುವುದನ್ನು ಕಂಪ್ಯೂಟರಿನಲ್ಲಿ ಆಗ ನಡೆಯುತ್ತಿದ್ದ ಪ್ರೋಗ್ರಾಮುಗಳ ಪಟ್ಟಿ ತೆಗೆದು ನೋಡಿ ಖಾತ್ರಿ ಮಾಡಿಕೊಂಡೆ. ತಪ್ಪು ಅಂತ ಎಲ್ಲೂ ಒಂದು ಸಾಲು ಬರಲಿಲ್ಲ.

ಮಾರನೆಯ ದಿನ ಅಜ್ಜಂಪುರದಿಂದ ಫೋನು. ಮಾತಾಡಿದವರು ಸಂಘದ ಡೈರೆಕ್ಟರುಗಳಲ್ಲಿ ಒಬ್ಬರು, ಈರುಳ್ಳಿ ಬೆಳೆಯುವವರು.

“ಏನವ್ವಾ, ನೀರು ಬಿಡಿ ಅಂತ ಕಳ್ಸೀಯಲ್ಲ, ಮೊನ್ನೆ ಮಳೆ ಹುಯ್ದು ನೆಲ ಇನ್ನೂ ಕೆಸರಾಗೈತೆ. ನನ್ನ ಕಾಲಿಗೆ ಗೊತ್ತಾಗೋದು ನಿನ್ನ ಮಿಷನ್ನಿಗೆ ಗೊತ್ತಾಗಲ್ವಾ?”

“ನೋಡ್ತೀನಿ ಸಾರ್, ಎಲ್ಲೋ ಸೆನ್ಸರ್…”

“ಪಂಚನಹಳ್ಳಿಯೋರಿಗೆಲ್ಲ ಸರಿಯಾಗೇ ಬಂದೈತಂತೆ. ನಮಗೆ ಮಾತ್ರ ಯಾಕೆ ತಪ್ಪು? ನೀನು ತರೀಕೆರೆಯೋಳಲ್ವಾ? ನಮ್ಮ ತಾಲ್ಲೂಕು ನಿಮ್ಮಿಂದ ಬೇರೆ ಆಗಿದ್ದಕ್ಕೆ ಇನ್ನೂ ಸಿಟ್ಟಾ?”

ಅವರು ನಕ್ಕೇ ಹೇಳಿದ್ದು. ನಾನೂ ನಕ್ಕೆ. ಆದರೆ ಅದರ ಮಾರನೆಯ ದಿನವೂ ಅಜ್ಜಂಪುರದ ಹೊಲಗಳಿಗೆ ನೀರು ಬಿಡಿ ಅಂತಲೇ ಹೋಯಿತು. ಈ ಸಲ ಅವರು ಫೋನು ಮಾಡಿದ್ದು ನನಗಲ್ಲ, ಸಾಹೇಬರಿಗೆ. ನಗುವೂ ಇರಲಿಲ್ಲವಂತೆ. ಅವರ ಪಕ್ಕದ ಹೊಲದವನು ಮೆಸೇಜು ನಂಬಿ ಮೋಟಾರು ಹಾಕಿ, ಈರುಳ್ಳಿ ಮಡಿಯಲ್ಲಿ ನೀರು ನಿಂತು, ಗಡ್ಡೆ ಕೊಳೆಯುತ್ತೋ ಏನೋ ಅಂತ ಕೂತಿದ್ದ.

ಸಾಹೇಬರು ನನ್ನನ್ನು ಕರೆದರು. ತಂಗಿಯ ಮಗನೂ ಅಲ್ಲೇ ನಿಂತಿದ್ದ.

“ಪೂಜೆ ದಿನ ಆಫ್ ಮಾಡಿದ್ದು ಯಾರು?”

“ನಾನೇ. ನೀವು ಹೇಳಿದ್ರಿ ಸಾರ್.”

“ಆನ್ ಮಾಡಿದ್ದು?”

“ನಾನೇ.”

“ಮಧ್ಯದಲ್ಲಿ ಏನಾದ್ರೂ ಬದಲಾಯಿಸಿದ್ಯಾ?”

“ಇಲ್ಲ ಸಾರ್.”

“ನೋಡಮ್ಮ, ಮೂವತ್ತು ವರ್ಷ ರೆವಿನ್ಯೂದಲ್ಲಿದ್ದೆ. ಪಹಣೀಲಿ ಹೆಸರು ತಾನಾಗೇ ಬದಲಾಗಿದ್ದು ಒಂದು ದಿನಾನೂ ನೋಡಿಲ್ಲ. ಬದಲಾಗಿದೆ ಅಂದ್ರೆ ಯಾರೋ ಒಬ್ರ ಕೈ ಆಡಿದೆ ಅಂತಲೇ. ಅದೂ ಒಂದೇ ಊರಿಂದು ಮಾತ್ರ ಬದಲಾಗಿದೆ ಅಂದ್ರೆ…”

ವಾಕ್ಯ ಮುಗಿಸಲಿಲ್ಲ. ಮುಗಿಸಿದ್ದರೆ ಒಳ್ಳೆಯದಿತ್ತು. ಮುಗಿಸದೆ ಬಿಟ್ಟ ವಾಕ್ಯವನ್ನು ನಾನೇ ನನ್ನೊಳಗೆ ಹಲವು ಥರ ಮುಗಿಸಿಕೊಂಡೆ. ನಾನು ತರೀಕೆರೆಯವಳು ಅಂತಲೋ, ಹೊಸಬಳು ಅಂತಲೋ, ಹೆಂಗಸು ಅಂತಲೋ, ನಮ್ಮ ಮನೆಯ ಮಾತು ಬೇರೆ ಅಂತಲೋ. ಯಾವುದು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಯಾವುದೂ ಅಲ್ಲದೆಯೂ ಇರಬಹುದು.

“ಸೋಮವಾರ ಅಜ್ಜಂಪುರದೋರು ಬತ್ತಾರೆ. ಸಂಘದಿಂದ ಹೊರಗೆ ಹೋಗ್ತೀವಿ ಅಂತ ಕೂತಿದಾರೆ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಮಿಷನ್ನಿನ ಉಸ್ತುವಾರಿ ಇವನ ಕೈಗೆ ಕೊಟ್ಟು ನೀನು ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳ್ಳಮ್ಮ.”

ಆ ರೆಸ್ಟ್ ಅನ್ನುವ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ರೆಸ್ಟಿಗೆ ಹೋದವರನ್ನು ಮತ್ತೆ ಯಾರೂ ಕರೆಯುವುದಿಲ್ಲ. ಅವತ್ತು ಗುರುವಾರ.

ಮನೆಯಲ್ಲಿ ಹೇಳಿದೆ. ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಛೋಡ್ ದೇ ಮಾ. ಓ ಕಾಮ್ ನಕ್ಕೋ” ಅಂದರು. ಬಿಟ್ಟುಬಿಡು, ಆ ಕೆಲಸ ಬೇಡ. ಅವರೇ ಕಳಿಸುವ ಮೊದಲು ನೀನೇ ಬಂದುಬಿಡು ಅಂತ ಅವರ ಲೆಕ್ಕ. ನಾನು ಬಿಡುವುದಿಲ್ಲ ಅಂದೆ. ಮಾಡದ ತಪ್ಪಿಗೆ ಎದ್ದು ಬಂದರೆ ಮಾಡಿದ್ದೇ ನಿಜ ಅಂತಾಗುತ್ತದೆ. ಅಲ್ಲದೆ ಕಾಲೇಜಿನಲ್ಲಿ ಬೇರೆಯವರು ಮೂಗು ಮುರಿದಿದ್ದ ಲಿನಕ್ಸ್ ಕಂಪ್ಯೂಟರಿನ ಮುಂದೆ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲು ಓದಿ ಕಲಿತವಳು ನಾನು. ನನ್ನ ವಿದ್ಯೆಯ ಮೇಲೆ ಯಾರಾದರೂ ಬೆರಳು ಇಟ್ಟರೆ ನನಗೆ ತಡೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಕೂತೆ. ಸೆನ್ಸರುಗಳ ಅಂಕಿ ಸರಿ ಇತ್ತು. ಅಜ್ಜಂಪುರದ ನೆಲ ಹಸಿ ಇದೆ ಅಂತಲೇ ಅವು ಹೇಳುತ್ತಿದ್ದವು. ಅಂದರೆ ತಪ್ಪಿರುವುದು ಲೆಕ್ಕದಲ್ಲಿ. ಆಗ ಲೆಕ್ಕದ ಪ್ರೋಗ್ರಾಂ ಎಲ್ಲಿದೆ ಅಂತ ಇಡೀ ಕಂಪ್ಯೂಟರನ್ನು ಹುಡುಕಿದೆ. ಎರಡು ಸಿಕ್ಕವು. ಒಂದೇ ಹೆಸರು, ಬೇರೆ ಬೇರೆ ಫೋಲ್ಡರು. ಒಂದು ಹಳೆಯದು, ಒಂದು ಹೊಸದು. ಹಳೆಯದಕ್ಕೆ ಮಣ್ಣು ಅಂದರೆ ಒಂದೇ, ಪಂಚನಹಳ್ಳಿಯ ಕೆಂಪು ಮಣ್ಣು. ಅಜ್ಜಂಪುರದ ಕಪ್ಪು ನೆಲ ನೀರನ್ನು ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ; ಈಗ ಹಸಿ ಇದ್ದರೂ ಕೆಂಪು ಮಣ್ಣಿನ ಹಾಗೇ ಬೇಗ ಒಣಗುತ್ತದೆ ಅಂತ ಅದರ ಲೆಕ್ಕ. ಹೊಸದರಲ್ಲಿ ಎರಡೂ ಮಣ್ಣಿಗೆ ಬೇರೆ ಬೇರೆ ಲೆಕ್ಕ. ಎರಡನ್ನೂ ಒಂದೊಂದಾಗಿ ಓಡಿಸಿ ನೋಡಿದೆ. ಹೊಸದು ‘ನೀರು ಬೇಡ’ ಅಂದಿತು. ಹಳೆಯದು ‘ನೀರು ಬಿಡಿ’ ಅಂದಿತು.

ಹಾಗಾದರೆ ಯಂತ್ರ ಹಳೆಯದನ್ನೇ ಯಾಕೆ ಎತ್ತಿಕೊಳ್ಳುತ್ತಿದೆ? ಲಿನಕ್ಸಿನಲ್ಲಿ ಒಂದು ಏರ್ಪಾಡು ಇದೆ. ನಾವು ಪ್ರೋಗ್ರಾಮಿನ ಹೆಸರು ಹೇಳಿದರೆ ಯಾವ ಯಾವ ಫೋಲ್ಡರುಗಳಲ್ಲಿ, ಯಾವುದು ಮೊದಲು ಯಾವುದು ಆಮೇಲೆ ಹುಡುಕಬೇಕು ಅಂತ ಒಂದು ಸಾಲಿನಲ್ಲಿ ಬರೆದಿರುತ್ತದೆ. ಅದಕ್ಕೆ ಪಾತ್ ಅನ್ನುತ್ತಾರೆ. ಹುಣಸೆಹಣ್ಣು ತಾ ಅಂತ ಪೇಟೆಗೆ ಕಳಿಸಿದರೆ ದಾರಿಯಲ್ಲಿ ಮೊದಲು ಸಿಕ್ಕ ಅಂಗಡಿಯಲ್ಲೇ ಕೊಂಡು ಬರುವವರ ಹಾಗೆ. ಹೊಸ ಹಣ್ಣೋ ಹಳೆ ಹಣ್ಣೋ ಕೇಳುವುದಿಲ್ಲ. ಆ ಸಾಲಿನಲ್ಲಿ ಹೊಸ ಪ್ರೋಗ್ರಾಮಿನ ಫೋಲ್ಡರು ಇರಲೇ ಇಲ್ಲ. ನಾನು ಅದನ್ನು ಎಲ್ಲಕ್ಕಿಂತ ಮೊದಲು ಬರುವ ಹಾಗೆ, ಲಾಗಿನ್ ಆದಾಗ ಓದುವ ಸೆಟ್ಟಿಂಗಿನ ಕಡತಕ್ಕೆ ಸೇರಿಸಿದೆ. ಯಂತ್ರವನ್ನು ಆಫ್ ಮಾಡಿ ಆನ್ ಮಾಡಿ, ಲಾಗಿನ್ ಆಗಿ, ಹೆಸರು ಹೇಳಿ ಕೇಳಿದೆ. ಹೊಸದೇ ಬಂತು. ಅಜ್ಜಂಪುರ, ನೀರು ಬೇಡ.

“ಸರಿಹೋಯ್ತು ಸಾರ್” ಅಂತ ಎಲ್ಲವನ್ನೂ ವಿವರಿಸಿದೆ. ಸಾಹೇಬರು ತಲೆ ಆಡಿಸಿದರು. “ಹೊಸದನ್ನ ಆ ಸಾಲಿಂದ ತೆಗ್ದೋರು ಯಾರು?” ಅಂದರು.

ಶನಿವಾರ ಬೆಳಗಿನ ಜಾವ ಅಜ್ಜಂಪುರಕ್ಕೆ ಮೆಸೇಜು ಹೋಯಿತು: ನೀರು ಬಿಡಿ.

ಆಫೀಸಿಗೆ ಓಡಿಬಂದು ಕಂಪ್ಯೂಟರಿನಲ್ಲಿ ನಾನೇ ಕೈಯಾರೆ ಓಡಿಸಿದೆ. ನೀರು ಬೇಡ ಅಂದಿತು. ನನ್ನ ಕೈಗೆ ಸರಿ, ಬೆಳಗಿನ ಜಾವಕ್ಕೆ ತಪ್ಪು. ಆಗ ನನ್ನ ತಲೆಯಲ್ಲಿ ಒಂದೇ ಯೋಚನೆ ನಿಂತುಬಿಟ್ಟಿತು. ಸಂಜೆ ನಾನು ಸರಿಮಾಡಿ ಹೋಗುತ್ತೇನೆ, ನಾನಿಲ್ಲದಾಗ ಯಾರೋ ಬಂದು ಬದಲಾಯಿಸಿ, ಲೆಕ್ಕ ಮುಗಿದ ಮೇಲೆ ಮೊದಲಿನ ಹಾಗೇ ಇಟ್ಟು ಹೋಗುತ್ತಾರೆ. ಆಫೀಸಿನ ಬೀಗಕ್ಕೆ ಎರಡು ಕೀಲಿ. ಒಂದು ನನ್ನ ಹತ್ತಿರ. ಇನ್ನೊಂದು ತಂಗಿಯ ಮಗನ ಹತ್ತಿರ. ಪಾಸ್‌ವರ್ಡು ಗುಟ್ಟು ಅಂತ ಹೆಸರಿಗೆ ಮಾತ್ರ. ಮೂವರೂ ಒಂದೇ ಲಾಗಿನ್ನಿನಲ್ಲಿ ಕೆಲಸ ಮಾಡುತ್ತಿದ್ದೆವು. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಕೀಲಿ ಇಟ್ಟಂತೆ, ಯಾರು ಬೇಕಾದರೂ ಕೈ ಹಾಕಬಹುದಿತ್ತು. ಸಾಹೇಬರ ಮಾತು ನನ್ನ ಬಾಯಿಗೂ ಬಂದಿತ್ತು ಅಂತ ಈಗ ಅನ್ನಿಸುತ್ತದೆ: ಯಾರೋ ಒಬ್ಬರ ಕೈ ಆಡಿದೆ.

ಆ ಸಂಜೆ ತರೀಕೆರೆಗೆ ಹೋಗಲಿಲ್ಲ. ಕಡೂರಿನಲ್ಲೇ ಖಾಲಾನ ಮನೆ, ಅಂದರೆ ಅಮ್ಮನ ತಂಗಿಯ ಮನೆ. ಅಲ್ಲಿ ಉಳಿದೆ. ಭಾನುವಾರ ಅವರು ಫಜರ್ ನಮಾಜಿಗೆ ಏಳುವ ಮೊದಲೇ ಎದ್ದು, ಹೇಳಿದರೆ ಬೈಯುತ್ತಾರೆ ಅಂತ ಹೇಳದೆ ಹೊರಟೆ. ರೈಲ್ವೆ ಸ್ಟೇಷನ್ನಿನ ಕಡೆ ಟೀ ಅಂಗಡಿಯವನೊಬ್ಬ ಸ್ಟೌವ್ ಹಚ್ಚುತ್ತಿದ್ದ. ಮಂಡಿಗಳ ಬೀದಿಯಲ್ಲಿ ತೆಂಗಿನಸಿಪ್ಪೆಯ ವಾಸನೆ ಬಿಟ್ಟರೆ ಯಾರೂ ಇಲ್ಲ. ಸದ್ದಾಗದಿರಲಿ ಅಂತ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ.

ಬೀಗ ಆಗಲೇ ತೆಗೆದಿತ್ತು.

ಖುಷಿಯೇ ಆಯಿತು, ಸಿಕ್ಕಿಬಿದ್ದ ಅಂತ. ಬಾಗಿಲು ತಳ್ಳಿ ಮೊಬೈಲ್ ಟಾರ್ಚು ಹಾಕಿದೆ. ಅದೇ ಕ್ಷಣ ಒಳಗಿನಿಂದಲೂ ನನ್ನ ಮುಖಕ್ಕೆ ಟಾರ್ಚು ಬಿತ್ತು.

“ಸಿಕ್ಕಿದ್ರಲ್ಲ ಮೇಡಂ!” ತಂಗಿಯ ಮಗನ ದನಿ.

“ಸಿಕ್ಕಿದ್ದು ನಾನಲ್ಲ, ನೀವು! ಇಷ್ಟು ಹೊತ್ತಿನಲ್ಲಿ ಇಲ್ಲಿ ಏನ್ ಮಾಡ್ತಾ ಇದೀರಿ?”

“ನಾನಾ? ಮಾವ ಕಳ್ಸಿದ್ದು. ಬೆಳಗಿನ ಜಾವ ಆಯಮ್ಮ ಬತ್ತಾಳಾ ಏನು, ಹೋಗಿ ಕೂತ್ಕೊಂಡು ನೋಡು ಅಂದ್ರು. ನೀವು ಬಂದೇ ಬಂದ್ರಿ!”

“ನಾನು ಬಂದಿದ್ದು ನಿಮ್ಮನ್ನ ಹಿಡಿಯೋಕೆ.”

ಒಬ್ಬರ ಮುಖಕ್ಕೆ ಒಬ್ಬರು ಬೆಳಕು ಬಿಟ್ಟುಕೊಂಡು ನಿಂತಿದ್ದೆವು. ನನ್ನ ಕೈಯಲ್ಲಿ ಚಪ್ಪಲಿ. ಅವನು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಹೋದ. “ಹೊಡಿಯೋಕೆ ತಂದ್ರಾ?” ಅಂದ. ನನಗೆ ನಗು ಬಂದುಬಿಟ್ಟಿತು. ಅವನೂ ನಕ್ಕ. ಆದರೆ ಟಾರ್ಚು ಇಬ್ಬರೂ ಇಳಿಸಲಿಲ್ಲ.

“ಸರಿ, ಇಬ್ರೂ ಕೂತ್ಕೊಳ್ಳೋಣ” ಅಂದೆ. “ಯಾರೂ ಕೀಬೋರ್ಡ್ ಮುಟ್ಟೋದು ಬೇಡ. ಏನಾಗುತ್ತೆ ನೋಡೋಣ.”

“ಮಿಷನ್ನಿಗೆ ದೆವ್ವ ಏನಾದ್ರೂ ಮೆಟ್ಕೊಂಡಿದ್ರೆ ನಾನು ಮೊದ್ಲು ಓಡ್ಬಿಡ್ತೀನಿ ಕಣ್ರೀ, ಈಗ್ಲೇ ಹೇಳಿರ್ತೀನಿ.”

ಕೈ ಕಟ್ಟಿಕೊಂಡು ಕೂತೆವು. ಹೊತ್ತಾಯಿತು. ಪ್ರೋಗ್ರಾಂ ತಾನಾಗಿ ಲೆಕ್ಕ ಶುರುಮಾಡಿತು, ಮುಗಿಸಿತು, ಮೆಸೇಜು ಕಳಿಸಿತು. ಪರೀಕ್ಷೆಗೆ ಅಂತ ನನ್ನ ನಂಬರನ್ನೂ ಅಜ್ಜಂಪುರದ ಪಟ್ಟಿಗೆ ಸೇರಿಸಿಟ್ಟಿದ್ದೆ. ಫೋನು ಗುಂಯ್ ಅಂದಿತು. ನೀರು ಬಿಡಿ.

“ಯಾರೂ ಮುಟ್ಟಲಿಲ್ಲ” ಅಂದ ಅವನು, ಮೆಲ್ಲಗೆ.

“ಯಾರೂ ಮುಟ್ಟಲಿಲ್ಲ” ಅಂದೆ ನಾನೂ.

ಮನುಷ್ಯರ ಮೇಲಿನ ಅನುಮಾನ ಇಳಿದ ಮೇಲೆ ತಲೆ ಕೆಲಸ ಮಾಡತೊಡಗಿತು. ನಾನು ಲಾಗಿನ್ ಆದಾಗ ನನ್ನ ಪಾತ್ ಏನು ಅಂತ ಮಾತ್ರ ನಾನು ನೋಡಿದ್ದೆ. ಬೆಳಗಿನ ಜಾವ ಲೆಕ್ಕ ಮಾಡುವ ಆ ಕೆಲಸಕ್ಕೆ ಯಾವ ಪಾತ್ ಇದೆ ಅಂತ ಕೇಳಿರಲೇ ಇಲ್ಲ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಹುಟ್ಟುವಾಗ ಸಿಕ್ಕ ಸೆಟ್ಟಿಂಗುಗಳು ಏನು ಅಂತ ಲಿನಕ್ಸಿನಲ್ಲಿ ತೆಗೆದು ನೋಡಬಹುದು. ತೆಗೆದೆ. ನನ್ನದು ಉದ್ದದ ಸಾಲು. ಅದರದು ಗಿಡ್ಡ. ನಾನು ಸೇರಿಸಿದ ಫೋಲ್ಡರು ಅದರಲ್ಲಿ ಇಲ್ಲವೇ ಇಲ್ಲ. ಯಾಕೆಂದರೆ ಆ ಕೆಲಸ ಯಾರೂ ಲಾಗಿನ್ ಆಗದೆ, ಯಂತ್ರ ಆನ್ ಆದ ಕೂಡಲೇ ತಾನಾಗಿ ಏಳುತ್ತಿತ್ತು. ನಾನು ಬರೆದಿಟ್ಟ ಕಡತವನ್ನು ಅದು ಓದುತ್ತಲೇ ಇರಲಿಲ್ಲ.

ಅವನಿಗೆ ವಿವರಿಸಿದೆ. ಕೇಳಿ, ಹುಬ್ಬು ಗಂಟಿಕ್ಕಿದ. “ಹಂಗಾದ್ರೆ ಪೂಜೆಗೆ ಮುಂಚೆ ಹೆಂಗೆ ಸರಿ ಇತ್ತು?”

ಒಳ್ಳೆಯ ಪ್ರಶ್ನೆ. ಇಬ್ಬರೂ ಒಟ್ಟಿಗೇ ಮಾನಿಟರ್ ನೋಡಿದೆವು. ಚೀಟಿಯ ಮೇಲೆ ಕುಂಕುಮ ಒಣಗಿತ್ತು. ‘ಈ ಕಪ್ಪು ಕಿಟಕಿ ಮುಚ್ಚಬೇಡಿ.’

ಬೆಳಗಾದ ಮೇಲೆ ಸಾಫ್ಟ್‌ವೇರ್ ಹಾಕಿದ್ದ ಆ ಕಂಟ್ರಾಕ್ಟಿನವನಿಗೆ ಫೋನು ಮಾಡಿದೆವು. ಭಾನುವಾರ ಎಬ್ಬಿಸಿದ್ದಕ್ಕೆ ಅವನಿಗೆ ಸಿಟ್ಟು. ಸ್ಪೀಕರಿನಲ್ಲಿ ಹಾಕಿದೆ.

“ಹೊಸ ವರ್ಷನ್ ಹಾಕಿದಾಗ, ತಾನಾಗಿ ಎದ್ದು ಓಡ್ತಿದ್ದದ್ದನ್ನ ಆವತ್ತಿಗೆ ನಿಲ್ಸಿ, ಆ ಕಿಟಕಿಯಲ್ಲಿ ಪಾತ್ ಟೈಪ್ ಮಾಡಿ ಅಲ್ಲಿಂದಲೇ ಓಡಿಸಿದ್ದೆ. ಟೆಂಪರರಿ ಅಷ್ಟೆ. ಅದಕ್ಕೇ ಮುಚ್ಚಬೇಡಿ ಅಂತ ಬರೆದಿದ್ದು.”

“ಆಫ್ ಮಾಡಿದ್ರೆ ಹೋಗುತ್ತೆ ಅಂತ ಬರೀಲಿಲ್ವಲ್ಲ?”

“ಸರ್ವರನ್ನ ಯಾರ್ರೀ ಆಫ್ ಮಾಡ್ತಾರೆ?”

“ಆಯುಧಪೂಜೆ ಇತ್ತು.”

“ಓ” ಅಂದ.

ಸರಿಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಾನಾಗಿ ಏಳುವ ಆ ಏರ್ಪಾಡಿನಲ್ಲೇ ಹೊಸ ಪ್ರೋಗ್ರಾಮಿನ ಪೂರ್ತಿ ವಿಳಾಸ ಬರೆದೆ. ಇನ್ನು ಯಾವ ಬೀದಿಯಲ್ಲೂ ಹುಡುಕುವ ಕೆಲಸವಿಲ್ಲ, ನೇರ ಅಂಗಡಿಗೇ ಹೋಗಬೇಕು. ಹಳೆಯದರ ಹೆಸರನ್ನೇ ಬದಲಾಯಿಸಿಟ್ಟೆ. ಆಫ್ ಮಾಡಿ ಆನ್ ಮಾಡಿದೆ. ಇಷ್ಟೆಲ್ಲ ಆಗುವಾಗ ತಂಗಿಯ ಮಗ ಪಕ್ಕದಲ್ಲೇ ಕೂತಿದ್ದ. ಕಲಿಯಲು ಕೂತಿದ್ದನೋ ಕಾಯಲು ಕೂತಿದ್ದನೋ, ನನಗೆ ಅವತ್ತು ಖಾತ್ರಿ ಇರಲಿಲ್ಲ.

ಸೋಮವಾರ ಬೆಳಗಿನ ಜಾವ ಖಾಲಾನ ಮನೆಯ ಚಾಪೆಯ ಮೇಲೆ ಫೋನು ಹಿಡಿದು ಕೂತಿದ್ದೆ. ಗುಂಯ್ ಅಂದಿತು. ಅಜ್ಜಂಪುರ, ನೀರು ಬೇಡ.

ಅಜ್ಜಂಪುರದ ಡೈರೆಕ್ಟರು ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಸಾಹೇಬರ ಎದುರಿಗೇ ನಾನು ಎಲ್ಲವನ್ನೂ ಹೇಳಿದೆ. ಬಾಯಲ್ಲಿ ಹೇಳಿದ್ದು ಸಾಲದು ಅಂತ ಯಂತ್ರವನ್ನು ಮತ್ತೊಮ್ಮೆ ಆಫ್ ಮಾಡಲು ಹೋದೆ. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. “ಮತ್ತೆ ಆಫ್ ಮಾಡ್ತೀಯಾ?”

“ಮಾಡಿ ತೋರಿಸ್ತೀನಿ ಸಾರ್. ಎದ್ದ ಮೇಲೆ ಸರಿ ಹೇಳುತ್ತಾ ನೀವೇ ನೋಡಿ.”

ಎದ್ದಿತು. ಸರಿ ಹೇಳಿತು. ಡೈರೆಕ್ಟರು ಗಡ್ಡ ಕೆರೆದುಕೊಂಡರು.

“ಹಂಗಾದ್ರೆ ಯಾರೂ ಮಾಡಿಲ್ಲ ಅಂತೀಯಾ?”

“ಯಾರೂ ಮಾಡಿಲ್ಲ. ಆಫ್ ಆಯ್ತು, ಮರೆತುಹೋಯ್ತು.”

“ಅಲ್ಲಪ್ಪಾ,” ಅವರು ಸಾಹೇಬರ ಕಡೆ ತಿರುಗಿದರು, “ದೇವ್ರಿಗೆ ಕೈ ಮುಗ್ದು ನಮ್ಮ ಹೊಲಕ್ಕೆ ನೀರು ಬಿಡ್ಸಿದೆ ಅಂತಾಯ್ತು. ಆಫ್ ಮಾಡು ಅಂದೋನು ನೀನೇ ತಾನೆ?”

ಬಂದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. ಅಜ್ಜಂಪುರದವರು ಸಂಘ ಬಿಡಲಿಲ್ಲ. ನಾನು ಕುರ್ಚಿ ಬಿಡಲಿಲ್ಲ. ತಪ್ಪಾಯಿತು ಅನ್ನುವ ಮಾತು ನನಗೆ ಯಾರೂ ಹೇಳಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ. ಆ ವಾರವೇ ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿದೆ. ಇನ್ನು ಮುಂದೆ ಯಾರು ಏನು ಮಾಡಿದರೂ ಅವರ ಹೆಸರಿನಲ್ಲೇ ಇರುತ್ತದೆ ಅಂದಾಗ ಸಾಹೇಬರ ಮುಖ ಅರಳಿತು. “ಇದು ಸರಿಯಪ್ಪ, ಇದು ಸರಿ” ಅಂದರು. ಹೆಸರಿಲ್ಲದ ತಪ್ಪನ್ನು ನುಂಗಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ.

ಮುಂದಿನ ವರ್ಷದ ಆಯುಧಪೂಜೆಗೆ ಎಲ್ಲ ಸಿದ್ಧವಾಗಿತ್ತು. ಹಾರ ತಂದಿದ್ದರು, ಬೂದುಗುಂಬಳ ಮೆಟ್ಟಿಲ ಮೇಲಿತ್ತು. ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು.

“ಈ ವರ್ಷ ಬೇಡ ಕಣಮ್ಮ. ಓಡ್ತಾನೇ ಇರ್ಲಿ. ಹಂಗೇ ಕುಂಕುಮ ಇಟ್ಬಿಡಾಣ.”

“ಇಲ್ಲ ಸಾರ್” ಅಂದೆ. “ವರ್ಷಕ್ಕೊಂದು ದಿನ ಅದೂ ಮಲಗಬೇಕು ಅಂತ ನೀವೇ ಹೇಳಿದ್ರಿ.”

ಆಫ್ ಮಾಡುವುದಕ್ಕೆ ಅವರನ್ನೇ ಕರೆದೆ. ಅವರು ನನ್ನ ಮುಖ ನೋಡಿದರು, ಇವಳು ಏನು ಮಾಡುತ್ತಿದ್ದಾಳೆ ಅಂತ. ಆಮೇಲೆ ಒಂದು ಬೆರಳಿನಿಂದ, ಬಿಸಿ ಕಾವಲಿ ಮುಟ್ಟಿದ ಹಾಗೆ, ಸ್ವಿಚ್ಚು ಒತ್ತಿದರು. ಪರದೆ ಕಪ್ಪಾಯಿತು. ತಂಗಿಯ ಮಗ ವಿಭೂತಿ ಎಳೆದ. ನನ್ನ ಕೈಗೆ ಕಡಲೆಪುರಿ ಬಂತು. ಅದನ್ನು ತಿನ್ನುತ್ತಾ ನಾನು ಯಂತ್ರವನ್ನೇ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿ ಸಾಹೇಬರೂ ಅದನ್ನೇ ನೋಡುತ್ತಿದ್ದರು.